ಗಿಡ್ಡ ಪಾತ್ರೆ ಹೊತ್ತು ಸುದ್ದಗುಂಟೆಪಾಳ್ಯಕ್ಕೆ

ಯಡಿಯೂರಿನಿಂದ ಸುದ್ದಗುಂಟೆಪಾಳ್ಯ ಐದಾರು ಕಿಲೋಮೀಟರ್. ಹನ್ನೊಂದು ಗಂಟೆಯ ಉಪನ್ಯಾಸಕ್ಕೆ ನಾನು ಎಂಟೂವರೆಗೇ ಮನೆ ಬಿಟ್ಟೆ. ಗೇಟಿನ ಬಳಿ ಪಕ್ಕದ ಮನೆಯವರು ಇಷ್ಟು ಬೇಗ ಯಾಕೆಂದು ಕೇಳಿದರು. ಈ ಊರಿನಲ್ಲೇ ಬಾಳಿ ಹೀಗೆ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಕೈಯಲ್ಲಿ ದಪ್ಪ ಬಟ್ಟೆಯ ಚೀಲ. ಒಳಗೆ ಒದ್ದೆ ಟವೆಲಿನಲ್ಲಿ ಸುತ್ತಿದ ಎರಡು ಪ್ಯಾಕೆಟ್ ಹಾಲು, ಎರಡು ಸ್ಟೀಲ್ ಪಾತ್ರೆ. ಪಾತ್ರೆಗಳ ತಳ ಒಂದೇ ಅಗಲ, ತಗಡು ಒಂದೇ ದಪ್ಪ. ಗೋಡೆ ಮಾತ್ರ ಬೇರೆ: ಒಂದು ಗಿಡ್ಡ, ಇನ್ನೊಂದು ಅದರ ಮೂರರಷ್ಟು ಎತ್ತರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಪಾತ್ರೆ ಅಂಗಡಿಯವನ ತಲೆ ತಿಂದು ಮಾಡಿಸಿದ್ದವು. ಅಂಥ ಜೋಡಿ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಅದಕ್ಕೇ ಅವುಗಳನ್ನು ಹೊತ್ತುಕೊಂಡು ನಾನೇ ಹೊರಟಿದ್ದು.

ಉಪನ್ಯಾಸ ಪ್ರಜ್ಞಾಳದು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಸುದ್ದಗುಂಟೆಪಾಳ್ಯದ ಹಳೇ ಊರಿನ ಹುಡುಗಿ. ಈಗ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಮುಗಿಸಿದ್ದಾಳೆ. ಕುಬ್ಜ ಗ್ಯಾಲಕ್ಸಿಗಳು ಅವಳ ವಿಷಯ. ನಮ್ಮ ಆಕಾಶಗಂಗೆಯಂಥ ದೊಡ್ಡ ಗ್ಯಾಲಕ್ಸಿಗಳ ಮುಂದೆ ಇವು ಚಿಕ್ಕವು, ಬಡಕಲು, ಗುರುತ್ವದ ಸೆಳೆತ ಕಡಿಮೆ. ಅಂಥ ಕಡೆ ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ನಕ್ಷತ್ರಗಳು ಗುಂಪಾಗಿ ಹುಟ್ಟಿದರೆ ಅಲ್ಲಿನ ಅನಿಲದ ಗತಿ ಏನು? ಅದು ಎಷ್ಟು ವೇಗವಾಗಿ ಹೊರಳಾಡುತ್ತದೆ, ಎಷ್ಟು ಹೊರಗೆ ಹೋಗುತ್ತದೆ, ಎಷ್ಟು ಹಿಂದಿರುಗುತ್ತದೆ? ಇದೇ ಅವಳ ಪ್ರಶ್ನೆ.

ಉತ್ತರದ ಬೆಟ್ಟಗಳಲ್ಲಿರುವ ಒಂದು ದೂರದರ್ಶಕದಲ್ಲಿ ಈ ಕೆಲಸ ಮುಂದುವರಿಸಲು ಅವಳಿಗೆ ಮೂರು ವರ್ಷದ ಅವಕಾಶ ಬಂದಿತ್ತು. ಮನೆಯ ಹತ್ತಿರದ ಒಂದು ಶಾಲೆಯಲ್ಲಿ ಖಾಯಂ ಕೆಲಸವೂ ಸಿದ್ಧವಿತ್ತು. ಎರಡಕ್ಕೂ ಸೋಮವಾರ ಉತ್ತರ ಹೇಳಬೇಕು. ತಾಯಿ ರತ್ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್, ಮಾತು ಕೊಟ್ಟರೆ ಮುಗಿಯಿತು ಅನ್ನುವ ಹೆಂಗಸು. ಮಗಳಿಗೆ ಒಂದೇ ಷರತ್ತು ಹಾಕಿದ್ದರು. ನೀನು ಇಷ್ಟು ವರ್ಷ ಏನು ಮಾಡ್ತಿದ್ದೀಯ ಅಂತ ನಮ್ಮ ಬೀದಿಯಲ್ಲಿ, ನಮ್ಮ ಮಾತಲ್ಲಿ, ಎಲ್ಲರ ಮುಂದೆ ಹೇಳು. ನನಗೆ ಅರ್ಥ ಆಯ್ತೋ, ಹೋಗು. ಆಗಲಿಲ್ಲವೋ, ಶಾಲೆಗೆ ಸೇರು. ಪ್ರಜ್ಞಾ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಪಾತ್ರೆಗಳನ್ನು ಅಟ್ಟದಿಂದ ಇಳಿಸಿದೆ.

ಕೆರೆಯ ಪಕ್ಕದಿಂದ ಬಸ್ ನಿಲ್ದಾಣದವರೆಗೆ ನಡೆಯಬೇಕು. ನಡೆಯಬೇಕು ಅಂದರೆ ರಸ್ತೆಯಲ್ಲಿ. ಫುಟ್‌ಪಾತಿನ ಮೇಲೆ ಒಂದು ಕಡೆ ಜಲ್ಲಿ ರಾಶಿ, ಒಂದು ಕಡೆ ಯಾರದೋ ಕಾರು. ಆ ಕಾರಿಗೆ ಹೊದಿಕೆ ಬೇರೆ. ಮಗುವನ್ನು ಮಲಗಿಸಿದಷ್ಟು ಜೋಪಾನ. ಮಾರ್ಚಿನ ಬಿಸಿಲು ಆಗಲೇ ಏರುತ್ತಿತ್ತು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಆಧಾರ್ ತೋರಿಸಿದೆ, ಕಂಡಕ್ಟರ್ ಶೂನ್ಯ ದರದ ಚೀಟಿ ಹರಿದುಕೊಟ್ಟ. ಹಿಂದಿನ ಸೀಟಿನ ಒಬ್ಬ ಮಹಾಶಯ, ಫ್ರೀ ಅಂತ ಎಲ್ಲರೂ ಭಾನುವಾರವೂ ಹೊರಟುಬಿಡ್ತಾರೆ ಎಂದು ಗಾಳಿಗೆ ಹೇಳಿದರು. ನಾನು ತಿರುಗಿ, ನನ್ನ ಎದುರಿಗೆ ಹೇಳಿ ಅಂದೆ. ಅವರು ಕಿಟಕಿ ನೋಡಿದರು. ಕಂಡಕ್ಟರ್‌ಗೆ ಖುಷಿಯಾಯಿತು. ಚೀಲದೊಳಗೆ ಬಗ್ಗಿ ನೋಡಿದ.

"ಹಾಲು, ಹೊಸ ಪಾತ್ರೆ. ಗೃಹಪ್ರವೇಶನಾ ಅಮ್ಮ?"

"ಅಲ್ಲಪ್ಪ. ಪಾಠ."

"ಹಾಲು ಉಕ್ಕಿಸೋಕೂ ಕ್ಲಾಸ್ ಬಂದ್ಬಿಡ್ತಾ ಬೆಂಗ್ಳೂರಲ್ಲಿ," ಅಂದವನು ಮುಂದಿನ ಸ್ಟಾಪಿನ ಹೆಸರು ಕೂಗುತ್ತ ಹೋದ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಳಿದೆ. ಈ ಉಪನ್ಯಾಸದ ತಾಲೀಮು ಇಲ್ಲೇ, ನಮ್ಮ ಹಿರಿಯರ ಬಳಗದ ಸಭಾಂಗಣದಲ್ಲಿ ಆಗಬಹುದಿತ್ತು. ಮೊದಲು ನಾನು ಅವರನ್ನೇ ಕೇಳಿದ್ದೆ. ಕಾರ್ಯದರ್ಶಿಗಳು, ಕನ್ನಡದಲ್ಲಿ ಅಸ್ಟ್ರಾನಮಿ ಯಾರು ಕೇಳ್ತಾರೆ, ಮೊಣಕಾಲಿನ ಡಾಕ್ಟರು ಬರೋ ದಿನ ಕೊನೆಯಲ್ಲಿ ಹತ್ತು ನಿಮಿಷ ಕೊಡೋಣ ಅಂದಿದ್ದರು. ಆ ಬಾಗಿಲ ಮುಂದೆ ಹಾದುಹೋಗುವಾಗ ನಾನು ಆ ಕಡೆ ನೋಡಲಿಲ್ಲ. ಕಾಫಿ ಕುಡಿಯುವ ಯೋಚನೆಯಿತ್ತು, ಅದನ್ನೂ ಬಿಟ್ಟೆ. ಸಿಟ್ಟಿನಲ್ಲಿ ಕುಡಿದ ಕಾಫಿ ನನಗೆ ಆಗುವುದಿಲ್ಲ.

ಅಲ್ಲಿಂದ ನನಗೆ ಬೇಕಾದ ಬಸ್ಸು ಮಾರ್ಗ ಬದಲಿಸಿದೆ ಅಂದರು. ಯಾವ ಮಾರ್ಗಕ್ಕೆ ಎಂದು ಯಾರಿಗೂ ಗೊತ್ತಿಲ್ಲ. ಬೋರ್ಡ್ ಹಳೆಯದನ್ನೇ ಹೇಳುತ್ತಿತ್ತು. ಆಟೋ ಹಿಡಿದೆ. ಚಾಲಕ ನೂರೈವತ್ತು ಅಂದ. ಮೀಟರ್ ಅಂದೆ. ಅವನು ನಕ್ಕ, ನಾನು ನಗಲಿಲ್ಲ, ಮೀಟರ್ ಹಾಕಿದ. ಆ ಗೆಲುವು ತಿಲಕ್ ನಗರದವರೆಗೆ ಮಾತ್ರ. ಅಲ್ಲಿ ಅಡ್ಡಕ್ಕೆ ತಗಡು ನಿಲ್ಲಿಸಿ ರಸ್ತೆಯನ್ನು ಆಳುದ್ದ ಅಗೆದಿದ್ದರು. ಗಾಡಿ ನಿಲ್ಲಿಸಿ, ಇಳೀರಿ ಅಂದ. ಒಪ್ಪಿಕೊಂಡದ್ದು ಸುದ್ದಗುಂಟೆಪಾಳ್ಯಕ್ಕೆ ಎಂದೆ.

"ರೋಡೇ ಇಲ್ವಲ್ಲ ಮೇಡಂ. ಹಾರಿಸ್ಕೊಂಡ್ ಹೋಗ್ಲಾ?"

ನ್ಯಾಯವಾಗಿ ನೋಡಿದರೆ ಅವನ ತಪ್ಪಿಲ್ಲ. ಆದರೂ ಸಿಟ್ಟು ಅವನ ಮೇಲೆಯೇ ಬಂತು. ಅಗೆದವರು ಎದುರಿಗೆ ಸಿಗುವುದಿಲ್ಲವಲ್ಲ.

ತಿಲಕ್ ನಗರದ ಭಾನುವಾರ ಜೋರು. ಮಾಂಸದ ಅಂಗಡಿಗಳ ಮುಂದೆ ಸಾಲು, ಪುದೀನದ ಕಟ್ಟುಗಳ ರಾಶಿ, ಬಿರಿಯಾನಿಯ ಹಂಡೆಗಳಿಂದ ಎದ್ದ ಹಬೆ. ಚೀಲ ಮುಟ್ಟಿ ನೋಡಿದೆ, ಹಾಲು ಬೆಚ್ಚಗಾಗಿತ್ತು. ಒಡೆದ ಹಾಲಿನಲ್ಲಿ ಪಾಠ ಮಾಡಲು ಬರುವುದಿಲ್ಲ. ತಂಪು ಪಾನೀಯದ ಅಂಗಡಿಯ ಮುದುಕರೊಬ್ಬರನ್ನು ಐಸ್ ಕೇಳಿದೆ. ಅವರು ನನ್ನ ಟವೆಲ್ ಬಿಚ್ಚಿ, ಪ್ಯಾಕೆಟ್‌ಗಳ ನಡುವೆ ಐಸ್ ಇಟ್ಟು, ಮತ್ತೆ ನನಗಿಂತ ಬಿಗಿಯಾಗಿ ಸುತ್ತಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. "ನೀರಿಗೆ ಏನಮ್ಮಾ ದುಡ್ಡು, ನೀವು ಬೇಗ ಹೋಗಿ," ಅಂದರು. ಆ ದಿನ ನಾನು ಮನಸಾರೆ ನಮಸ್ಕಾರ ಹೇಳಿದ್ದು ಅವರೊಬ್ಬರಿಗೇ.

ಬನ್ನೇರುಘಟ್ಟ ರಸ್ತೆ ದಾಟುವುದು ಈ ಪ್ರಯಾಣದ ಅತ್ಯಂತ ಕೆಟ್ಟ ಭಾಗ. ಆಚೆ ದಡ ಕಣ್ಣೆದುರಿಗಿತ್ತು. ಆದರೆ ಬ್ಯಾರಿಕೇಡಿನ ಸಾಲಿನಲ್ಲಿ ಮನುಷ್ಯರು ದಾಟಲು ಒಂದು ಸಂದೂ ಬಿಟ್ಟಿರಲಿಲ್ಲ. ಸಂದು ಸಿಗುವವರೆಗೆ ಒಂದು ಕಡೆಗೆ ನಡೆದು, ದಾಟಿ, ಅಷ್ಟೇ ದೂರ ಹಿಂದಕ್ಕೆ ನಡೆದೆ. ಒಬ್ಬ ಗರ್ಭಿಣಿಯೂ ಹಾಗೇ ನಡೆಯುತ್ತಿದ್ದಳು. ಈ ರಸ್ತೆಯ ನಕ್ಷೆ ಬರೆದವರನ್ನು ಒಂದು ಮಧ್ಯಾಹ್ನ ಇಲ್ಲಿ ಹಾಲು ಹೊರಿಸಿ ನಡೆಸಬೇಕು. ಬೇರೆ ಶಿಕ್ಷೆ ಬೇಡ.

ಹತ್ತೂವರೆಯ ಹೊತ್ತಿಗೆ ಸುದ್ದಗುಂಟೆಪಾಳ್ಯದ ಸಮುದಾಯ ಭವನ ತಲುಪಿದೆ. ಕಿರಿದಾದ ಓಣಿ, ಅಕ್ಕಪಕ್ಕ ಮೂರು ಮಹಡಿಯ ಬಾಡಿಗೆ ಮನೆಗಳು, ನಡುವೆ ಉಳಿದುಕೊಂಡ ಒಂದೆರಡು ಹೆಂಚಿನ ಮನೆ. ಭವನದ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಬೀದಿಯ ಸಂಘದ ಅಧ್ಯಕ್ಷ ಮುನಿರಾಜು ಆಳೆತ್ತರ ಕೈಮುಗಿದು ನಿಂತಿದ್ದ. ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಪ್ರಜ್ಞಾ. ನಡುವೆ ಇನ್ನೊಂದು ಮುಖ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ನಾನು. ಶಾಲೆಯ ಯಾವುದೋ ಗುಂಪು ಚಿತ್ರದಿಂದ ಕತ್ತರಿಸಿ ತೆಗೆದದ್ದು.

ಪ್ರಜ್ಞಾ ಓಡಿ ಬಂದು ಚೀಲ ಇಸಿದುಕೊಂಡಳು. ಒಲೆ ಬಂದಿದೆಯಾ ಎಂದು ಕೇಳಿದೆ. ಎರಡೂ ಬರ್ನರ್ ಒಂದೇ ಅಳತೆಯ ಒಲೆಯನ್ನು ಅಮ್ಮನೇ ಪಕ್ಕದ ಮನೆಯಿಂದ ತಂದಿದ್ದಾರೆ ಅಂದಳು. ಫ್ಲೆಕ್ಸಿನ ಕಡೆ ಕೈ ತೋರಿಸಿ ಇದೇನು ಅಂದೆ.

"ನಂಗೂ ಈಗ್ಲೇ ಗೊತ್ತಾಗಿದ್ದು ಮಿಸ್. ನಿಮ್ಗೆ ಸಣ್ಣ ಸನ್ಮಾನ ಅಂತೆ."

ಸಣ್ಣ ಸನ್ಮಾನ ಎಂಬುದು ನಮ್ಮ ನಾಡಿನಲ್ಲಿ ಇಲ್ಲ. ಭವನವನ್ನು ಹನ್ನೆರಡಕ್ಕೆ ಬಿಟ್ಟುಕೊಡಬೇಕಿತ್ತು. ಮಧ್ಯಾಹ್ನ ನಾಮಕರಣದ ಊಟ, ಅಡುಗೆಯವರು ಆಗಲೇ ಹಿಂಬಾಗಿಲಲ್ಲಿ ಈರುಳ್ಳಿ ಸುಲಿಯುತ್ತಿದ್ದರು. ಆ ಬೀದಿಯ ಸಭೆಗಳ ರೂಢಿಯಂತೆ ಬುದ್ಧವಂದನೆ ಹನ್ನೊಂದಕ್ಕೆ ಸರಿಯಾಗಿ ಆರಂಭವಾಗಿ ಚೊಕ್ಕವಾಗಿ ಮುಗಿಯಿತು. ಆಮೇಲಿನ ಯಾವುದೂ ಮುಗಿಯಲಿಲ್ಲ. ಸ್ವಾಗತ ಭಾಷಣ. ಸ್ವಾಗತಿಸಿದವರಿಗೆ ಹೂಗುಚ್ಛ. ಗಣ್ಯರು ವೇದಿಕೆಗೆ. ಇನ್ನೊಬ್ಬ ಗಣ್ಯರು ತಡವಾಗಿ ಬಂದದ್ದರಿಂದ ಮತ್ತೆ ಸ್ವಾಗತ. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಮಾರ್ಚಿನಲ್ಲಿ ಶಾಲು. ತಲೆಗೆ ಮೈಸೂರು ಪೇಟ ಇಟ್ಟರು, ಅದು ಕಿವಿ ಮುಚ್ಚಿತು. ಹಣ್ಣಿನ ಬುಟ್ಟಿ ತೊಡೆಯ ಮೇಲೆ. ಮುನಿರಾಜು ಅಭಿನಂದನಾ ಪತ್ರ ಓದತೊಡಗಿದ. ನಾನು ಹುಟ್ಟಿದ ಊರು ತಪ್ಪು, ಕಲಿಸಿದ ವಿಷಯ ತಪ್ಪು. ಗಣಿತ ಅಂದ. ಫೋಟೋಗ್ರಾಫರ್ ಹೂವಿನ ಹಾರವನ್ನು ಎರಡು ಸಲ ತೆಗೆಸಿ ಹಾಕಿಸಿದ.

ಗೋಡೆಯ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ಮುಂದಿನ ಸಾಲಿನಲ್ಲಿ ರತ್ನಮ್ಮ ಕೈ ಕಟ್ಟಿಕೊಂಡು ಕೂತಿದ್ದರು. ಪ್ರಜ್ಞಾ ಒಲೆಯ ಪಕ್ಕ ನಿಂತು ಬೆರಳು ಹಿಸುಕಿಕೊಳ್ಳುತ್ತಿದ್ದಳು. ಅವಳ ಮೂರು ವರ್ಷಗಳನ್ನು ನನ್ನ ಹೆಸರಿನಲ್ಲಿ, ನನ್ನ ತಲೆಯ ಮೇಲೆ ಪೇಟ ಇಟ್ಟು ತಿನ್ನುತ್ತಿದ್ದರು. ನಾನು ಎದ್ದೆ. ಪೇಟ ತೆಗೆದು ಕುರ್ಚಿಯ ಮೇಲಿಟ್ಟೆ, ಬುಟ್ಟಿಯನ್ನು ಗಣ್ಯರೊಬ್ಬರ ತೊಡೆಗೆ ದಾಟಿಸಿದೆ, ಮೈಕ್ ಕಿತ್ತುಕೊಂಡೆ.

"ಮುನಿರಾಜು, ಸಾಕು ಮಾಡಿ. ಮಾತಾಡ್ಬೇಕಾದೋಳು ಅಲ್ಲಿ ನಿಂತಿದ್ದಾಳೆ."

"ಮೇಡಂ, ಇನ್ನೊಂದೇ ಪ್ಯಾರಾ ಇದೆ..."

"ಆ ಪ್ಯಾರಾನೂ ತಪ್ಪೇ ಇರುತ್ತೆ. ಕೂತ್ಕೊಳ್ಳಿ."

ಸಭೆ ನಕ್ಕಿತು. ಮುನಿರಾಜು ಕೂತ.

ಪ್ರಜ್ಞಾ ಒಲೆ ಹಚ್ಚಿದಳು. ಎರಡು ಪಾತ್ರೆಗೂ ಒಂದೊಂದು ಪ್ಯಾಕೆಟ್ ಹಾಲು, ಕೆಳಗೆ ಒಂದೇ ಉರಿ. ಹಾಲು ಕಾಯುವಷ್ಟರಲ್ಲಿ ಹೇಳಬೇಕಾದದ್ದನ್ನು ಹೇಳಿದಳು. ಹಾಲು ಅಂದರೆ ಗ್ಯಾಲಕ್ಸಿಯ ಅನಿಲ, ನಕ್ಷತ್ರ ಹುಟ್ಟುವುದು ಅದರಿಂದಲೇ. ಉರಿ ಅಂದರೆ ಹೊಸದಾಗಿ ಹುಟ್ಟಿದ ಭಾರೀ ನಕ್ಷತ್ರಗಳು. ಆಕಾಶದಲ್ಲಿ ಉರಿ ಕೆಳಗಿಲ್ಲ, ಹಾಲಿನ ಒಳಗೇ ಇದೆ. ಅವು ಸುಡುವ ಬೆಳಕು ಚೆಲ್ಲುತ್ತವೆ, ಬಿರುಗಾಳಿ ಬೀಸುತ್ತವೆ, ಕೊನೆಗೆ ಸಿಡಿಯುತ್ತವೆ. ಸುತ್ತಲಿನ ಅನಿಲ ಗುಳ್ಳೆಗಳಂತೆ ಉಬ್ಬುತ್ತದೆ. ಪಾತ್ರೆಯ ಗೋಡೆ ಅಂದರೆ ಗ್ಯಾಲಕ್ಸಿಯ ಸೆಳೆತ. ಎತ್ತರದ್ದು ದೊಡ್ಡ ಗ್ಯಾಲಕ್ಸಿ, ಗಿಡ್ಡದ್ದು ಕುಬ್ಜ. ಇದೆಲ್ಲ ನಮ್ಮಿಂದ ಬಲು ದೂರ, ನಮಗೆ ಸಿಗುವುದು ಬೆಳಕು ಮಾತ್ರ. ನಮ್ಮ ಕಡೆ ಬರುವ ಅನಿಲದ ಬೆಳಕಿನ ಬಣ್ಣ ಒಂದಿಷ್ಟು ನೀಲಿಯ ಕಡೆ ಸರಿಯುತ್ತದೆ, ದೂರ ಹೋಗುವುದರದು ಕೆಂಪಿನ ಕಡೆ. ಅದನ್ನು ಅಳೆದು, ಎಷ್ಟು ಜೋರಾಗಿ ಹೊರಳಾಡುತ್ತಿದೆ ಎಂದು ಹೇಳಬಹುದು.

ಚೆನ್ನಾಗಿ ಹೇಳಿದಳು. ಆದರೆ ರತ್ನಮ್ಮನ ಮುಖ ಕದಲಲಿಲ್ಲ. ಅವರ ಕಣ್ಣು ಮಗಳ ಮೇಲೆ ಇರಲಿಲ್ಲ, ಹಾಲಿನ ಮೇಲಿತ್ತು.

ಗಿಡ್ಡ ಪಾತ್ರೆಯಲ್ಲಿ ಕೆನೆ ಸುಕ್ಕಾಯಿತು, ಉಬ್ಬಿತು, ಹಾಲು ಅಂಚಿಗೆ ಏರಿತು. ಪ್ರಜ್ಞಾ, ಈಗ ನೋಡಿ ಅಂದಳು. ಅಷ್ಟರಲ್ಲಿ ರತ್ನಮ್ಮ ಎದ್ದು, ಎರಡೇ ಹೆಜ್ಜೆಗೆ ವೇದಿಕೆ ಏರಿ, ಎರಡು ನಾಬ್‌ಗಳನ್ನೂ ಪಟಪಟನೆ ತಿರುಗಿಸಿ ಉರಿ ಆರಿಸಿಬಿಟ್ಟರು. ಹಾಲು ಇಳಿದುಹೋಯಿತು. ಹೊಸ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಹಾಲು ಉಕ್ಕಲು ಬಿಡದ ಹೆಂಗಸರೇ ಆ ಸಭೆಯಲ್ಲಿ ತುಂಬಿದ್ದರು. ಇನ್ನೂ ಮೂರು ನಾಲ್ಕು ಜನ ಅರ್ಧ ಎದ್ದು ನಿಂತಿದ್ದರು. ಒಬ್ಬಾಕೆ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮುನಿರಾಜು ಇದೇ ಸಮಯವೆಂದು ವಂದನಾರ್ಪಣೆಗೆ ಕಾಗದ ತೆಗೆದ. ನಾನು ಅವನನ್ನು ನೋಡಿದೆ. ಕಾಗದ ಜೇಬಿಗೆ ಹೋಯಿತು.

ರತ್ನಮ್ಮನಿಗೆ ತಾವೇನು ಮಾಡಿದೆವೆಂದು ಆಗ ಹೊಳೆಯಿತು. ಕೆಳಗಿಳಿಯಲು ಹೊರಟವರ ಕೈಯನ್ನು ಪ್ರಜ್ಞಾ ಹಿಡಿದಳು.

"ಇಳೀಬೇಡ ಅಮ್ಮ. ಉರಿ ಆರಿಸ್ದೆ, ಏನಾಯ್ತು ಹೇಳು."

"ಇಳೀತು."

"ಸುಮ್ನಾಯ್ತಾ?"

ರತ್ನಮ್ಮ ಬಗ್ಗಿ ನೋಡಿದರು. ಕೆನೆಯ ಕೆಳಗೆ ಹಾಲು ಇನ್ನೂ ಸುತ್ತುತ್ತಿತ್ತು. "ಇಲ್ಲ. ತಿರುಗ್ತಾನೇ ಇದೆ."

"ಭಾರೀ ನಕ್ಷತ್ರಗಳೂ ಹಂಗೇ ಅಮ್ಮ. ಜೋರಾಗಿ ಉರೀತಾವೆ, ಬೇಗ ಸಾಯ್ತಾವೆ. ಅವು ಸತ್ಮೇಲೂ ಗ್ಯಾಸ್ ತಕ್ಷಣ ಸುಮ್ನಾಗಲ್ಲ. ಇಂಥ ನಕ್ಷತ್ರ ಇಲ್ದಿರೋ ಜಾಗದಲ್ಲೂ ಕೆಲವು ಕಡೆ ಹೊರಳಾಡ್ತಿರುತ್ತೆ, ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ಸುಮ್ನಾದ್ಮೇಲೇ ಮತ್ತೆ ನಕ್ಷತ್ರ ಹುಟ್ಟೋದು. ಆದ್ರೆ ಅಷ್ಟೊತ್ತಿಗೆ ಪಾತ್ರೆಯಲ್ಲಿ ಎಷ್ಟು ಉಳಿದಿರುತ್ತೆ? ಅದನ್ನೇ ನಾನು ನೋಡ್ತಿರೋದು. ಈಗ ನೀನೇ ಹಚ್ಚು. ಈ ಸಲ ಆರಿಸ್ಬೇಡ."

ರತ್ನಮ್ಮ ಎರಡು ಬರ್ನರನ್ನೂ ಹಚ್ಚಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಡುಗೆಯವರು ಈರುಳ್ಳಿ ಬಿಟ್ಟು ಬಾಗಿಲಲ್ಲಿ ಬಂದು ನಿಂತರು. ಗಿಡ್ಡ ಪಾತ್ರೆಯಲ್ಲಿ ಹಾಲು ಎದ್ದಿತು, ಅಂಚು ದಾಟಿತು, ಚುರ್ ಎಂದು ಒಲೆಯ ಮೇಲೆ ಹರಿದು ಮೇಜಿನ ಬಟ್ಟೆಗೆ ಇಳಿಯಿತು. ಎತ್ತರದ ಪಾತ್ರೆಯಲ್ಲೂ ಅಷ್ಟೇ ಎದ್ದಿತು, ಗೋಡೆಯ ಅರ್ಧಕ್ಕೆ ಬಂದು, ಒಳಗೊಳಗೇ ಮುಗುಚಿ ಬಿದ್ದಿತು. ಸೀದ ಹಾಲಿನ ವಾಸನೆ ಭವನವೆಲ್ಲ ತುಂಬಿತು. ರತ್ನಮ್ಮನ ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ಹಿಡಿದು ಬೆಳ್ಳಗಾಗಿದ್ದವು. ಆರಿಸಲಿಲ್ಲ.

"ಪೂರ್ವಕ್ಕೆ ಉಕ್ಕಿದೆ, ಒಳ್ಳೇದಾಗುತ್ತೆ," ಎಂದು ಮುನಿರಾಜು ಮೈಕ್ ಎತ್ತಿಕೊಂಡು ಘೋಷಿಸಿದ.

ರತ್ನಮ್ಮ ಮೈಕ್ ತೆಗೆದುಕೊಂಡರು. ಕಾರ್ಖಾನೆಯಲ್ಲಿ ಐವತ್ತು ಮಿಷನ್‌ಗಳ ಸದ್ದಿನ ಮೇಲೆ ಮಾತನಾಡುವ ದನಿ, ಮೈಕ್ ಬೇಕಿರಲಿಲ್ಲ.

"ದಿಕ್ಕು ಬಿಡಿ ಅಣ್ಣ. ಗಿಡ್ಡ ಪಾತ್ರೇಲಿ ಹಾಲು ಆಚೆ ಹೋಗುತ್ತೆ. ಎಲ್ಲಾ ಹೋಗಲ್ಲ, ಒಳಗೆ ಇನ್ನೂ ಇದೆ, ನೋಡಿ. ಎಷ್ಟು ಹೋಯ್ತು, ಎಷ್ಟು ಉಳೀತು, ಉಳಿದಿದ್ದು ಯಾವಾಗ ಸುಮ್ನಾಗುತ್ತೆ. ಅದನ್ನ ನನ್ ಮಗ್ಳು ಬೆಳಕಿನ ಬಣ್ಣ ನೋಡಿ ಲೆಕ್ಕ ಹಾಕ್ತಾಳೆ. ಇಷ್ಟೇ. ಇನ್ಮೇಲೆ ಯಾರೂ ಇವ್ಳು ಮನೇಲಿ ಏನ್ ಮಾಡ್ತಾಳೆ ಅಂತ ನನ್ ಕೇಳ್ಬೇಡಿ."

ಅದಕ್ಕಿಂತ ಒಳ್ಳೆಯ ಸಾರಾಂಶವನ್ನು ನಾನು ಯಾವ ಉತ್ತರ ಪತ್ರಿಕೆಯಲ್ಲೂ ಕಂಡಿಲ್ಲ. ಜನ ಚಪ್ಪಾಳೆ ತಟ್ಟಿದರು. ಹನ್ನೆರಡು ಹೊಡೆದಿತ್ತು. ಅಡುಗೆಯವರು ಮೇಜುಗಳನ್ನು ಒಳಕ್ಕೆ ಎಳೆಯತೊಡಗಿದರು.

ಹೊರಗೆ ಕೊಳಾಯಿಯ ಬಳಿ ರತ್ನಮ್ಮ ಗಿಡ್ಡ ಪಾತ್ರೆಯನ್ನು ಉಜ್ಜುತ್ತಿದ್ದರು. ತಳಕ್ಕೆ ಹತ್ತಿದ್ದು ಬಿಡುತ್ತಿರಲಿಲ್ಲ. ಅಭಿನಂದನೆ ಹೇಳೋಣವೆಂದು ಹೋದೆ. ಅವರು ತಲೆ ಎತ್ತಲಿಲ್ಲ.

"ನಿಮ್ಮ ಮೇಲೆ ನಂಗೆ ಸಿಟ್ಟಿದೆ ಮೇಡಂ."

ಸನ್ಮಾನದ ವಿಷಯವಿರಬಹುದೆಂದು ನಾನು ಕ್ಷಮೆ ಕೇಳಲು ಹೊರಟೆ. ಅದಲ್ಲವಂತೆ.

"ಅರ್ಥ ಆಗಲ್ಲ ಅಂತ ಗೊತ್ತಿದ್ದೇ ಆ ಮಾತು ಹೇಳಿದ್ದೆ. ಏಳು ವರ್ಷದಿಂದ ಹೇಳ್ತಾನೇ ಇದ್ಲು, ಒಂದಿನಾನೂ ತಲೆಗೆ ಹತ್ತಿರ್ಲಿಲ್ಲ. ಇವತ್ತೂ ಹತ್ತಲ್ಲ, ಸೋಮವಾರ ಸ್ಕೂಲಿಗೆ ಸೇರ್ತಾಳೆ, ಸಾಯಂಕಾಲ ಮನೇಗ್ ಬರ್ತಾಳೆ ಅಂದ್ಕೊಂಡಿದ್ದೆ. ನೀವು ಈ ಪಾತ್ರೆ ತಂದ್ರಿ."

ಕೊಟ್ಟ ಮಾತಿಗೆ ತಪ್ಪುತ್ತೀರಾ ಎಂದು ಕೇಳಿದೆ. ಅವರು ಆಗ ನನ್ನನ್ನು ನೋಡಿದರು, ಕಾರ್ಖಾನೆಯಲ್ಲಿ ಹೊಲಿಗೆ ಬಿಟ್ಟವರನ್ನು ನೋಡುವ ಹಾಗೆ.

"ಮಾತು ಮಾತೇ. ಬೆಟ್ಟದಲ್ಲಿ ಚಳಿಯಂತೆ. ಆ ಶಾಲು ನಿಮಗ್ ಬೇಡ್ವಲ್ಲ, ಕೊಡಿ ಇತ್ಲಾಗೆ."

ಕೊಟ್ಟೆ. ಅದನ್ನು ಮಡಿಸಿ ಬಗಲಿಗೆ ಇಟ್ಟುಕೊಂಡು, ಪಾತ್ರೆಯನ್ನು ಮತ್ತೆ ಉಜ್ಜತೊಡಗಿದರು.

ಹಿಂದಿರುಗುವಾಗ ಪ್ರಜ್ಞಾ ಮುಖ್ಯರಸ್ತೆಯವರೆಗೆ ಬಂದಳು. ಅವಳಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಎರಡನ್ನೂ ಮನೆಗೆ ಹೋಗಿ ಮಾಡು, ಅಮ್ಮ ಒಬ್ಬರೇ ಇದ್ದಾರೆ ಎಂದು ಕಳಿಸಿದೆ. ಬ್ಯಾರಿಕೇಡಿನ ಸಂದನ್ನು ಯಾರೋ ಆಗಲೇ ಮುಚ್ಚಿದ್ದರು. ಇನ್ನೂ ದೂರ ನಡೆದು ದಾಟಿದೆ. ಆ ರಸ್ತೆಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಬಸ್ಸಿನಲ್ಲಿ ಕೂತು ಚೀಲ ತೆರೆದೆ. ಎತ್ತರದ ಪಾತ್ರೆ ಒಂದೇ ಇತ್ತು. ಗಿಡ್ಡದ್ದನ್ನು ರತ್ನಮ್ಮ ಇಟ್ಟುಕೊಂಡುಬಿಟ್ಟಿದ್ದರು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಹೋಗಿ ತರಬಹುದಿತ್ತು. ಜೋಡಿ ಮುರಿದರೆ ಉಳಿದದ್ದರಿಂದ ಪಾಠಕ್ಕೆ ಉಪಯೋಗವಿಲ್ಲ. ಸ್ಟಾಪು ಬಂತು. ನಾನು ಏಳಲಿಲ್ಲ.